ಮಹನೀಯರ ಮನೆ, ತೋಟ

ಹೆಸರಾಂತ ವ್ಯಕ್ತಿಯೊಬ್ಬರು ಬಾಳಿ ಬದುಕಿದ ಮನೆಯನ್ನು ಅದರ ಅಂಗಳ, ಹಿತ್ತಲು, ತೋಟಗಳ ಸಮೇತ ಅವರ ಕಾಲದಲ್ಲಿದ್ದ ಹಾಗೆ ಉಳಿಸಿ ಜನರಿಗೆ ತೆರೆದಿಟ್ಟಾಗ ಅದು ಸ್ಮಾರಕ ಮನೆ ಎನಿಸುತ್ತದೆ. ಅರಮನೆ, ಕೋಟೆಗಳಲ್ಲಿ ಕಾಣುವುದು ಒಂದು ಕಾಲದ ವೈಭವ. ಇಲ್ಲಿ ತಿಳಿಯಬೇಕಾದ್ದು ಬೇರೆ: ಈ ಮನೆಯವರು ಬೆಳಗ್ಗೆ ಎದ್ದು ಎಲ್ಲಿ ಕೂರುತ್ತಿದ್ದರು, ಅವರ ಕಿಟಕಿಯಿಂದ ಏನು ಕಾಣುತ್ತಿತ್ತು, ಕೆಲಸ ಮುಂದೆ ಸಾಗದಿದ್ದಾಗ ಯಾವ ಕಡೆಗೆ ನಡೆದು ಹೋಗುತ್ತಿದ್ದರು. ಅಂತರರಾಷ್ಟ್ರೀಯ ಮ್ಯೂಸಿಯಂ ಮಂಡಳಿ 1998ರಲ್ಲಿ ಇಂಥ ಮನೆಗಳಿಗಾಗಿಯೇ ಪ್ರತ್ಯೇಕ ಸಮಿತಿಯೊಂದನ್ನು ಮಾಡಿತು.

ಮೇಜು, ಕನ್ನಡಕ, ಪೆನ್ನು, ಪದಕಗಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರೆ ಉಳಿಯುತ್ತವೆ. ಗಿಡಮರಗಳು ಹಾಗೆ ಉಳಿಯುವುದಿಲ್ಲ. ಅವು ಬೆಳೆಯುತ್ತವೆ, ಮುಪ್ಪಾಗುತ್ತವೆ, ಗಾಳಿಮಳೆಗೆ ಉರುಳುತ್ತವೆ. ಎರಡು ಮಳೆಗಾಲ ಯಾರೂ ಕೈ ಹಾಕದಿದ್ದರೆ ಹಾದಿಯೇ ಮುಚ್ಚಿಹೋಗುತ್ತದೆ. ಆದ್ದರಿಂದ ಮನೆಗಿಂತ ತೋಟವನ್ನು ಕಾಯುವುದು ಕಷ್ಟ. ಆದರೆ ಎಷ್ಟೋ ಮಹನೀಯರ ನಿಜವಾದ ಕೆಲಸದ ಕೋಣೆ ಮನೆಯ ಹೊರಗೇ ಇತ್ತು. ಮನೆಯನ್ನು ಉಳಿಸಿ ಹಿತ್ತಲನ್ನು ಕಳೆದುಕೊಂಡ ಕಡೆ ಸ್ಮಾರಕ ಅರ್ಧವೇ ಆಗುತ್ತದೆ. ಈ ಲೇಖನದಲ್ಲಿ ಅದಕ್ಕಾಗಿ ಹೊರಗಿನ ಜಾಗಕ್ಕೆ ಹೆಚ್ಚು ಗಮನ ಕೊಟ್ಟಿದೆ.

ಹಿನ್ನೆಲೆ

ಯೂರೋಪಿನಲ್ಲಿ ಈ ರೂಢಿ ಕವಿಗಳ ಮನೆಗಳಿಂದ ಶುರುವಾಯಿತು. ಇಟಲಿಯ ಕವಿ ಪೆಟ್ರಾರ್ಕ್ ಕಡೆಗಾಲ ಕಳೆದು 1374ರಲ್ಲಿ ತೀರಿಕೊಂಡ ಆರ್ಕ್ವಾ ಎಂಬ ಹಳ್ಳಿಯ ಮನೆ 16ನೆಯ ಶತಮಾನದ ಹೊತ್ತಿಗೇ ಓದುಗರು ಹುಡುಕಿಕೊಂಡು ಬರುವ ತಾಣವಾಗಿತ್ತು. ಸ್ಕಾಟ್ಲೆಂಡಿನ ವಾಲ್ಟರ್ ಸ್ಕಾಟ್ ತೀರಿಕೊಂಡದ್ದು 1832ರಲ್ಲಿ. ಅವನ ಆಬಟ್ಸ್‌ಫರ್ಡ್ ಮನೆ ಮರುವರ್ಷವೇ ಜನರಿಗೆ ತೆರೆಯಿತು.

ಇಂಗ್ಲೆಂಡಿನ ಸ್ಟ್ರಾಟ್‌ಫರ್ಡ್‌ನಲ್ಲಿ ನಡೆದದ್ದು ಮಾತ್ರ ನೋವಿನ ಕಥೆ. ಷೇಕ್ಸ್‌ಪಿಯರ್ ಕೊಂಡು ವಾಸಿಸಿದ, 1616ರಲ್ಲಿ ಕಣ್ಣು ಮುಚ್ಚಿದ ನ್ಯೂ ಪ್ಲೇಸ್ ಎಂಬ ಮನೆ 18ನೆಯ ಶತಮಾನದಲ್ಲಿ ಫ್ರಾನ್ಸಿಸ್ ಗ್ಯಾಸ್ಟ್ರೆಲ್ ಎಂಬ ಪಾದ್ರಿಯ ಕೈಗೆ ಬಂತು. ಹಿತ್ತಲಲ್ಲಿ ಒಂದು ಹಿಪ್ಪುನೇರಳೆ ಮರವಿತ್ತು. ಅದನ್ನು ನೆಟ್ಟವನು ಕವಿಯೇ ಎಂಬ ನಂಬಿಕೆಯಿಂದ ಜನ ನೋಡಲು ಬರುತ್ತಿದ್ದರು. ಬಂದವರ ಕಾಟ ತಾಳಲಾರದೆ ಗ್ಯಾಸ್ಟ್ರೆಲ್ 1756ರಲ್ಲಿ ಆ ಮರವನ್ನು ಕಡಿಸಿದ. ಮೂರು ವರ್ಷದ ಮೇಲೆ, ತೆರಿಗೆಯ ಜಗಳದಲ್ಲಿ, ಮನೆಯನ್ನೇ ಕೆಡವಿಸಿಬಿಟ್ಟ. ಊರವರು ಕಡಿದ ಮರದ ತುಂಡುಗಳಿಂದ ಪೆಟ್ಟಿಗೆ, ಬಟ್ಟಲುಗಳನ್ನು ಮಾಡಿ ಮಾರಿದರು. ಇಂದು ನ್ಯೂ ಪ್ಲೇಸಿನಲ್ಲಿ ಮನೆಯಿಲ್ಲ, ಮನೆಯಿದ್ದ ಅಡಿಪಾಯದ ಮೇಲೂ ಹಿಂದಿನ ಜಾಗದಲ್ಲೂ ತೋಟವಿದೆ. ಕವಿ ಹುಟ್ಟಿದ ಇನ್ನೊಂದು ಮನೆಯನ್ನು 1847ರಲ್ಲಿ ಹರಾಜಿಗಿಟ್ಟಾಗ ಸಾರ್ವಜನಿಕರಿಂದ ಚಂದಾ ಎತ್ತಿ 3,000 ಪೌಂಡಿಗೆ ಕೊಂಡು ಉಳಿಸಿಕೊಂಡರು.

ಅಮೆರಿಕದಲ್ಲಿ ಈ ಕೆಲಸಕ್ಕೆ ದಾರಿ ಮಾಡಿದವರು ಹೆಂಗಸರು. ಜಾರ್ಜ್ ವಾಷಿಂಗ್ಟನ್ನನ ಮೌಂಟ್ ವರ್ನನ್ ಮನೆ ಪಾಳು ಬೀಳುತ್ತಿದ್ದಾಗ ಆನ್ ಪಮೆಲಾ ಕನಿಂಗ್‌ಹ್ಯಾಮ್ 1853ರಲ್ಲಿ ಮಹಿಳೆಯರ ಸಂಘವೊಂದನ್ನು ಕಟ್ಟಿದಳು. ಸಂಘ ಎರಡು ಲಕ್ಷ ಡಾಲರ್ ಕೂಡಿಸಿ ಮನೆಯನ್ನೂ ಅದರ ಸುತ್ತಣ 200 ಎಕರೆಯನ್ನೂ ಕೊಂಡು 1860ರಲ್ಲಿ ವಶಕ್ಕೆ ತೆಗೆದುಕೊಂಡಿತು. ಇಂದಿಗೂ ಅದನ್ನು ನಡೆಸುತ್ತಿರುವುದು ಸರ್ಕಾರವಲ್ಲ, ಅದೇ ಸಂಘ. ಮನೆಯ ಜತೆಗೆ ನೆಲವನ್ನೂ ಕೊಳ್ಳಬೇಕು ಎಂದು ಅವರು ಅಷ್ಟು ಹಿಂದೆಯೇ ಯೋಚಿಸಿದ್ದು ದೊಡ್ಡ ಮಾತು.

ಮಾಂಟಿಸೆಲ್ಲೊ: ಯಾರ ತೋಟ, ಯಾರ ದುಡಿಮೆ

ವರ್ಜೀನಿಯಾದ ಗುಡ್ಡವೊಂದರ ನೆತ್ತಿಯಲ್ಲಿರುವ ಮಾಂಟಿಸೆಲ್ಲೊ ಅಮೆರಿಕದ ಮೂರನೆಯ ಅಧ್ಯಕ್ಷ ಥಾಮಸ್ ಜೆಫರ್ಸನ್ ತಾನೇ ನಕ್ಷೆ ಹಾಕಿ ಕಟ್ಟಿಸಿದ ಮನೆ. ಇಳಿಜಾರನ್ನು ಕಡಿದು ಸಾವಿರ ಅಡಿ ಉದ್ದದ ತರಕಾರಿ ತೋಟವನ್ನು ಅಲ್ಲಿ ಮಾಡಿಸಿದ್ದ. ಯಾವ ದಿನ ಯಾವ ಬೀಜ ಬಿತ್ತಿದ್ದು, ಯಾವಾಗ ಬಟಾಣಿ ಊಟಕ್ಕೆ ಬಂದದ್ದು, ಯಾವುದು ಹುಟ್ಟದೆ ಹೋದದ್ದು, ಎಲ್ಲವನ್ನೂ 1766ರಿಂದ ದಶಕಗಳ ಕಾಲ ಪುಸ್ತಕವೊಂದರಲ್ಲಿ ಬರೆದಿಟ್ಟ. ಅವನ ಸಾವಿನ ನಂತರ ಸಾಲಕ್ಕಾಗಿ ಆಸ್ತಿ ಮಾರಾಟವಾಯಿತು, ತೋಟ ಹುಲ್ಲಿನಡಿ ಮುಚ್ಚಿಹೋಯಿತು. 1923ರಲ್ಲಿ ಪ್ರತಿಷ್ಠಾನವೊಂದು ಮನೆಯನ್ನು ಕೊಂಡಿತು. ಆಮೇಲೆ ಆ ಬರಹದ ಜಾಡು ಹಿಡಿದು, 1979ರಿಂದ ಉತ್ಖನನ ಮಾಡಿ ಹಳೆಯ ಕಲ್ಲುಗೋಡೆ, ಬೇಲಿಯ ಗೂಟದ ಗುಂಡಿಗಳನ್ನು ಪತ್ತೆ ಹಚ್ಚಿ ತರಕಾರಿ ತೋಟವನ್ನು ಮತ್ತೆ ಎಬ್ಬಿಸಿದರು. ನೆಲ ಅಗೆದು ತೋಟವೊಂದನ್ನು ಓದುವ ವಿದ್ಯೆ ಬೆಳೆದದ್ದರಲ್ಲಿ ಈ ಕೆಲಸದ ಪಾಲು ದೊಡ್ಡದು.

ಆದರೆ ಆ ಪಾತಿಗಳನ್ನು ತೋಡಿದ ಕೈ ಜೆಫರ್ಸನ್ನನದಲ್ಲ. ಅವನ ಜೀವಮಾನದಲ್ಲಿ 600ಕ್ಕೂ ಹೆಚ್ಚು ಜನ ಅವನ ಗುಲಾಮರಾಗಿದ್ದರು. ತೋಟದ ಮುಖ್ಯ ಮಾಲಿ ವರ್ಮ್‌ಲಿ ಹ್ಯೂಸ್ ಅವರಲ್ಲೊಬ್ಬ. 1826ರಲ್ಲಿ ಯಜಮಾನ ಸತ್ತಾಗ ಗುಂಡಿ ತೋಡಿದವನೂ ಅವನೇ. ಮರುವರ್ಷ ನಡೆದ ಹರಾಜಿನಲ್ಲಿ ಅಲ್ಲಿನ ಗುಲಾಮರನ್ನು ಮಾರಿದರು. ಬಹುಕಾಲ ಇಲ್ಲಿನ ಮಾರ್ಗದರ್ಶಿಗಳು ಈ ಸಂಗತಿಯನ್ನು ಹೇಳದೆ ದಾಟಿಬಿಡುತ್ತಿದ್ದರು. ಈಗ ಗುಲಾಮರ ಗುಡಿಸಲುಗಳ ಸಾಲನ್ನು ಮತ್ತೆ ಕಟ್ಟಿ ತೋರಿಸುತ್ತಾರೆ, ಅವರ ಹೆಸರು ಹಿಡಿದು ಅವರ ಬದುಕನ್ನು ವಿವರಿಸುತ್ತಾರೆ. ಮಹಾಪುರುಷನೊಬ್ಬನ ಮನೆಯನ್ನು ತೋರಿಸುವುದೆಂದರೆ ಆ ಮನೆಯನ್ನು ಹೊತ್ತವರನ್ನೂ ತೋರಿಸುವುದು ಎಂಬ ತಿಳಿವಳಿಕೆ ಇತ್ತೀಚಿನದು, ಮತ್ತು ತುಂಬ ಬೇಕಾಗಿದ್ದದ್ದು.

ಡೌನ್ ಹೌಸ್: ಪ್ರಯೋಗಶಾಲೆಯಾದ ಹಿತ್ತಲು

ಹಿತ್ತಲೇ ಮುಖ್ಯವಾದ ಮನೆಗೆ ಚಾರ್ಲ್ಸ್ ಡಾರ್ವಿನ್ನನ ಡೌನ್ ಹೌಸ್‌ಗಿಂತ ಒಳ್ಳೆಯ ಉದಾಹರಣೆಯಿಲ್ಲ. ಲಂಡನ್ನಿನ ಆಗ್ನೇಯಕ್ಕೆ, ಕೆಂಟ್ ಸೀಮೆಯ ಹಳ್ಳಿಯೊಂದರಲ್ಲಿದ್ದ ಈ ಮನೆಗೆ ಅವನು 1842ರಲ್ಲಿ ಬಂದು 1882ರಲ್ಲಿ ಸಾಯುವವರೆಗೂ ಇದ್ದ. ಜೀವವಿಕಾಸದ ವಾದವನ್ನು ಕಟ್ಟಿ ನಿಲ್ಲಿಸಲು ಬೇಕಾದ ಸಾಕ್ಷ್ಯದ ದೊಡ್ಡ ಭಾಗ ಇಲ್ಲಿಯ ಹುಲ್ಲು, ಹೂವು, ಪಾರಿವಾಳ, ಎರೆಹುಳುಗಳಿಂದ ಬಂತು.

ಕಳೆಯ ಪಾತಿಯನ್ನೇ ನೋಡಬಹುದು. ಡಾರ್ವಿನ್ ಮೂರು ಅಡಿ ಉದ್ದ, ಎರಡು ಅಡಿ ಅಗಲದ ನೆಲವನ್ನು ಅಗೆಸಿ ಹಸನು ಮಾಡಿಸಿದ. ಏನನ್ನೂ ಬಿತ್ತಲಿಲ್ಲ. ತಾವಾಗಿ ಹುಟ್ಟಿದ ಪ್ರತಿ ಕಳೆಗಿಡಕ್ಕೂ ಗುರುತು ಇಟ್ಟುಕೊಂಡು ಎಷ್ಟು ಬದುಕುತ್ತವೆ ಎಂದು ಲೆಕ್ಕ ಹಿಡಿದ. ಹುಟ್ಟಿದ್ದು 357, ಅವುಗಳಲ್ಲಿ 295 ಬಹುಪಾಲು ಗೊಂಡೆಹುಳು ಮತ್ತು ಕೀಟಗಳಿಗೆ ಬಲಿಯಾದವು. ಬದುಕಿಗಾಗಿ ನಡೆಯುವ ಹೋರಾಟ ಎಷ್ಟು ಕಟುವಾದದ್ದು ಎಂದು ತೋರಿಸಲು ಈ ಅಂಕಿಗಳು ಅವನ ಹೆಸರಾಂತ ಗ್ರಂಥವನ್ನು ಸೇರಿದವು. ಇಂದು ಅಂಥದೇ ಪಾತಿಯೊಂದನ್ನು ಅಲ್ಲಿ ಮತ್ತೆ ಮಾಡಿದ್ದಾರೆ. ಗೊತ್ತಿಲ್ಲದವರಿಗೆ ಅದು ಮಾಲಿ ಮರೆತು ಬಿಟ್ಟ ಮೂಲೆಯಂತೆ ಕಂಡೀತು. ನಿಂತು ಗಿಡಗಳನ್ನು ಎಣಿಸಿದವರಿಗೆ ಆ ಮನೆಯಲ್ಲಿ ಅದಕ್ಕಿಂತ ದೊಡ್ಡ ವಸ್ತುವಿಲ್ಲ.

ಹುಲ್ಲುಹಾಸಿನಲ್ಲಿ ಬೀಸುಕಲ್ಲಿನಂಥ ಒಂದು ಗುಂಡುಕಲ್ಲಿದೆ. ಎರೆಹುಳುಗಳು ಮಣ್ಣನ್ನು ಮೇಲಕ್ಕೆ ತಂದು ಹಾಕುತ್ತ ಹೋದಂತೆ ಕಲ್ಲು ನಿಧಾನವಾಗಿ ನೆಲಕ್ಕಿಳಿಯುತ್ತದೆ. ವರ್ಷಕ್ಕೆಷ್ಟು ಇಳಿಯುತ್ತದೆ ಎಂದು ಅಳೆಯಲು ಇಟ್ಟದ್ದು. ಅಳೆಯುವ ಸಾಧನ ಮಾಡಿಕೊಟ್ಟವನು ಅವನ ಮಗ ಹೊರೇಸ್. ಡಾರ್ವಿನ್ನನ ಕೊನೆಯ ಪುಸ್ತಕ, 1881ರದ್ದು, ಎರೆಹುಳುಗಳ ಮೇಲೆಯೇ. ತೋಟದ ಅಂಚಿಗೆ ಮರಗಳ ನಡುವೆ ಮರಳು ಹಾಸಿದ ಕಾಲುದಾರಿಯಿದೆ. ದಿನವೂ ಅವನು ಅಲ್ಲಿ ಸುತ್ತು ಹಾಕುತ್ತಿದ್ದ. ಚಕಮಕಿ ಕಲ್ಲುಗಳನ್ನು ಗುಪ್ಪೆ ಹಾಕಿಟ್ಟು, ಒಂದೊಂದು ಸುತ್ತಿಗೂ ಒಂದೊಂದನ್ನು ಕಾಲಲ್ಲಿ ತಳ್ಳಿ ಎಣಿಕೆ ಇಟ್ಟುಕೊಳ್ಳುತ್ತಿದ್ದ. ಮನೆ 1929ರಲ್ಲಿ ಮ್ಯೂಸಿಯಂ ಆಯಿತು, 1996ರಿಂದ ಇಂಗ್ಲಿಷ್ ಹೆರಿಟೇಜ್ ಸಂಸ್ಥೆಯ ಆಡಳಿತದಲ್ಲಿದೆ. ಗಾಜಿನ ಮನೆಯಲ್ಲಿ ಈಗಲೂ ಕೀಟ ಹಿಡಿದು ತಿನ್ನುವ ಗಿಡಗಳನ್ನೂ ಆರ್ಕಿಡ್‌ಗಳನ್ನೂ ಬೆಳೆಸುತ್ತಾರೆ.

ಜಿವೆರ್ನಿ: ಪಾಳುಬಿದ್ದು ಎದ್ದ ತೋಟ

ಫ್ರಾನ್ಸಿನ ಚಿತ್ರಕಾರ ಕ್ಲಾಡ್ ಮೊನೆ 1883ರಲ್ಲಿ ಜಿವೆರ್ನಿ ಎಂಬ ಹಳ್ಳಿಯಲ್ಲಿ ಮನೆ ಬಾಡಿಗೆಗೆ ಹಿಡಿದ. 1890ರಲ್ಲಿ ಅದನ್ನೇ ಕೊಂಡ. 1893ರಲ್ಲಿ ರೈಲುಹಳಿಯ ಆಚೆಗಿನ ಜೌಗು ನೆಲ ಕೊಂಡು ಹೊಳೆಯ ನೀರು ತಿರುಗಿಸಿ ಕೊಳ ಮಾಡಲು ಹೊರಟಾಗ ಊರಿನ ರೈತರು ತಡೆದರು. ಹೊರದೇಶದ ಜಲಸಸ್ಯಗಳಿಂದ ನೀರು ಕೆಟ್ಟು ದನಕರುಗಳಿಗೆ ಅಪಾಯವಾದೀತು ಎಂಬುದು ಅವರ ಭಯ. ಕೊನೆಗೆ ಅಪ್ಪಣೆ ಸಿಕ್ಕಿತು. ಆ ಕೊಳದ ನೈದಿಲೆಗಳೇ ಅವನ ಕಡೆಯ ಎರಡು ಮೂರು ದಶಕಗಳ ಚಿತ್ರಗಳ ವಸ್ತುವಾದವು. ಕೊಳ ನೋಡಿಕೊಳ್ಳುವುದಕ್ಕೇ ಒಬ್ಬ ಮಾಲಿ ಇದ್ದ. ದೂಳು ಎಲೆಗಳ ಮೇಲೆ ಕೂರದಿರಲೆಂದು ಊರ ರಸ್ತೆಗೆ ಡಾಂಬರು ಹಾಕಿಸಲು ಮೊನೆ ಕೈಯಿಂದ ಹಣ ಕೊಟ್ಟ. ಮೊದಲು ತೋಟ ನೆಟ್ಟು ಬಣ್ಣಗಳನ್ನು ಹೊಂದಿಸಿಕೊಂಡು, ಆಮೇಲೆ ಅದನ್ನು ಕ್ಯಾನ್‌ವಾಸಿಗೆ ಇಳಿಸಿದ ಎನ್ನಬೇಕು.

ಮೊನೆ 1926ರಲ್ಲಿ ತೀರಿಕೊಂಡ. ಮಲಮಗಳೂ ಸೊಸೆಯೂ ಆಗಿದ್ದ ಬ್ಲಾಂಶ್ 1947ರವರೆಗೆ ತೋಟ ನೋಡಿಕೊಂಡಳು. ಅವಳ ನಂತರ ಎಲ್ಲ ಹಾಳಾಯಿತು. 1966ರಲ್ಲಿ ಮಗ ಮಿಶೆಲ್ ತೀರಿಕೊಂಡು ಆಸ್ತಿ ಫ್ರಾನ್ಸಿನ ಲಲಿತಕಲಾ ಅಕಾಡೆಮಿಗೆ ಬಂದ ಕಾಲಕ್ಕೆ ತೊಲೆ, ಹಲಗೆಗಳು ಕೊಳೆತಿದ್ದವು, ಮೆಟ್ಟಿಲು ಕುಸಿದಿತ್ತು, ದೊಡ್ಡ ಚಿತ್ರಶಾಲೆಯೊಳಗೆ ಮರಗಳು ಎದ್ದಿದ್ದವು. ವರ್ಸೇಲ್ಸ್ ಅರಮನೆಯ ಜೀರ್ಣೋದ್ಧಾರ ಮಾಡಿದ್ದ ಜೆರಾಲ್ಡ್ ವಾನ್ ಡೆರ್ ಕೆಂಪ್ 1977ರಿಂದ ಇಲ್ಲಿ ಕೆಲಸ ಹಿಡಿದರು. ಕೊಳವನ್ನು ಮತ್ತೆ ತೋಡಿಸಿ, ಜಪಾನೀ ಮಾದರಿಯ ಕಮಾನು ಸೇತುವೆಯನ್ನು ಹೊಸದಾಗಿ ಕಟ್ಟಿಸಿದರು. 1980ರಲ್ಲಿ ಜಿವೆರ್ನಿ ಜನರಿಗೆ ತೆರೆಯಿತು. ಹಾಗಾದರೆ ಇಂದು ನೋಡುವುದು ಮೊನೆಯ ತೋಟವೇ? ಅವನು ಮುಟ್ಟಿದ ಗಿಡಗಳಲ್ಲಿ ಉಳಿದವು ಕಡಿಮೆ. ಆದರೆ ಯಾವ ತಿಂಗಳಲ್ಲಿ ಯಾವ ಬಣ್ಣ, ಯಾವುದರ ಪಕ್ಕ ಯಾವುದು ಎಂಬ ಅವನ ಯೋಜನೆ ಹಾಗೇ ನಡೆದಿದೆ. ತೋಟದ ಮಟ್ಟಿಗೆ ಉಳಿಸುವುದೆಂದರೆ ವರ್ಷವರ್ಷವೂ ಹೊಸದಾಗಿ ನೆಡುವುದೇ.

ನಾಶದ ಅಂಚಿನಿಂದ ಉಳಿದುಬಂದ ಇನ್ನೊಂದು ನೆಲೆ ರಷ್ಯಾದಲ್ಲಿದೆ. ಅಲ್ಲಿನ ತುಲಾ ನಗರದ ಬಳಿಯ ಯಾಸ್ನಾಯಾ ಪೊಲ್ಯಾನಾ, ಲಿಯೊ ಟಾಲ್‌ಸ್ಟಾಯ್ 1828ರಲ್ಲಿ ಹುಟ್ಟಿದ ಎಸ್ಟೇಟು, 1921ರಲ್ಲಿ ಮ್ಯೂಸಿಯಂ ಆಯಿತು. 1941ರಲ್ಲಿ ಜರ್ಮನ್ ಸೇನೆ ಇಲ್ಲಿ ಬೀಡುಬಿಟ್ಟು, ಹಿಂದೆಗೆಯುವಾಗ ಮನೆಗೆ ಬೆಂಕಿಯಿಟ್ಟಿತು. ಸಿಬ್ಬಂದಿ ಅದನ್ನು ಆರಿಸಿದರು. ಅಮೂಲ್ಯ ವಸ್ತುಗಳನ್ನು ಮೊದಲೇ ಸೈಬೀರಿಯಾದ ತೋಮ್ಸ್ಕ್‌ಗೆ ಸಾಗಿಸಿದ್ದರಿಂದ ಅವು ಉಳಿದವು. ಕಾಡಿನೊಳಗೆ ಕಮರಿಯ ಅಂಚಿನಲ್ಲಿ ಟಾಲ್‌ಸ್ಟಾಯ್ ಸಮಾಧಿಯಿದೆ. ಅವನ ಇಚ್ಛೆಯಂತೆ ಶಿಲುಬೆಯಾಗಲಿ, ಹೆಸರಿನ ಕಲ್ಲಾಗಲಿ ಇಲ್ಲ. ಹುಲ್ಲು ಮುಚ್ಚಿದ ಮಣ್ಣಿನ ದಿಬ್ಬ ಅಷ್ಟೆ.

ಭಾರತದಲ್ಲಿ

ನಮ್ಮ ದೇಶದಲ್ಲಿ ಗಾಂಧೀಜಿ ಮತ್ತು ರವೀಂದ್ರನಾಥ ಠಾಕೂರರ ನೆಲೆಗಳು ಮೊದಲು ನೆನಪಾಗುತ್ತವೆ. ಸಾಬರಮತಿಯ ಹೃದಯಕುಂಜ, ಸೇವಾಗ್ರಾಮದ ಬಾಪು ಕುಟಿಗಳು ಸ್ವಭಾವದಿಂದಲೇ ಬೇರೆ ಬಗೆಯವು. ಅಲ್ಲಿ ನೋಡಲು ಹೆಚ್ಚಿನ ಸಾಮಾನಿಲ್ಲ, ಇಲ್ಲದಿರುವುದೇ ನೋಡಬೇಕಾದ್ದು. ಶಾಂತಿನಿಕೇತನದ ಉತ್ತರಾಯಣ ಆವರಣದಲ್ಲಿ ಠಾಕೂರರ ಐದು ಮನೆಗಳಿವೆ: ಉದಯನ, ಕೋಣಾರ್ಕ, ಶ್ಯಾಮಲಿ, ಪುನಶ್ಚ, ಉದೀಚಿ. ಒಂದರಲ್ಲಿ ಮನಸ್ಸು ನಿಲ್ಲದೆ ಇನ್ನೊಂದನ್ನು ಕಟ್ಟಿಸುತ್ತ ಹೋದರು. 1935ರ ಶ್ಯಾಮಲಿ ಮಣ್ಣಿನ ಮನೆ. ಅದರ ಹೊರಗೋಡೆಗಳ ಮೇಲೆ ಕಲಾಭವನದವರ ಉಬ್ಬುಶಿಲ್ಪಗಳಿವೆ. 2023ರಲ್ಲಿ ಶಾಂತಿನಿಕೇತನ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಕರ್ನಾಟಕದಲ್ಲಿ

ಉದ್ಯಾನ ಸಮೇತ ಉಳಿದ ಹಳೆಯ ನಿವಾಸಗಳಲ್ಲಿ ಶ್ರೀರಂಗಪಟ್ಟಣದ ದರಿಯಾ ದೌಲತ್ ಮುಖ್ಯವಾದದ್ದು. ಟಿಪ್ಪು ಸುಲ್ತಾನ್ 1784ರಲ್ಲಿ ಕಟ್ಟಿಸಿದ ಈ ಬೇಸಗೆ ಅರಮನೆ ತೇಗದ ಮರದ್ದು, ಗೋಡೆಗಳ ಮೇಲೆ 1780ರ ಪೊಳ್ಳಿಲೂರು ಕಾಳಗದ ಚಿತ್ರವಿದೆ. ಟಿಪ್ಪು ಮಡಿದ ಮೇಲೆ ಬ್ರಿಟಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿ ಇಲ್ಲೇ ಕೆಲಕಾಲ ವಾಸವಾಗಿದ್ದ.

ಜನಮನದಲ್ಲಿ ಹೆಚ್ಚು ನೆಲೆಯಾದದ್ದು ಮಾತ್ರ ಸಾಹಿತಿಗಳ ಮನೆಗಳೇ, ಅವುಗಳಲ್ಲಿ ಕುಪ್ಪಳಿಗೆ ಮೊದಲ ಸ್ಥಾನ. ತೀರ್ಥಹಳ್ಳಿಯಿಂದ ಕೊಪ್ಪದ ದಾರಿಯಲ್ಲಿ ಗಡಿಕಲ್ಲಿನ ಬಳಿ ತಿರುಗಿದರೆ ಕುವೆಂಪು (1904–1994) ಬಾಲ್ಯ ಕಳೆದ ಹಿರಿಯರ ಮನೆ ಸಿಗುತ್ತದೆ. ಹುಟ್ಟಿದ್ದು ತಾಯಿಯ ತವರಾದ ಹಿರೇಕೊಡಿಗೆಯಲ್ಲಾದರೂ ಅವರ ಮನಸ್ಸು ಬೆಳೆದದ್ದು ಇಲ್ಲಿ. ನಡುವೆ ತೊಟ್ಟಿಯಂಗಳ, ಮೂರು ಅಂತಸ್ತು, ಹಂಚಿನ ಮಾಡು, ದಪ್ಪ ಮರದ ಕಂಬ: ಮಲೆನಾಡಿನ ದೊಡ್ಡ ಒಕ್ಕಲು ಮನೆಯ ಪೂರ್ಣ ರೂಪ. ಒಳಗೆ ಹಳೆಯ ಅಡುಗೆ ಸಾಮಾನು, ಬೇಸಾಯದ ಉಪಕರಣ, ಕವಿಯ ಮದುವೆಯ ಮಂಟಪ, ಹಸ್ತಪ್ರತಿ, ಬಟ್ಟೆಬರೆಗಳಿವೆ. ರಾಷ್ಟ್ರಕವಿ ಕುವೆಂಪು ಪ್ರತಿಷ್ಠಾನ ಇದನ್ನು ನೋಡಿಕೊಳ್ಳುತ್ತದೆ. 2015ರಲ್ಲಿ ಕಳ್ಳರು ನುಗ್ಗಿ ಪದ್ಮ ಪ್ರಶಸ್ತಿಯ ಪದಕಗಳನ್ನು ಹೊತ್ತೊಯ್ದಾಗ ನಾಡಿಗೆ ನಾಡೇ ಮರುಗಿತು.

ಕದಿಯಲಾಗದ್ದು ಮನೆಯ ಹಿಂದಿನ ಗುಡ್ಡದ ಮೇಲಿದೆ. ಕವಿಶೈಲದ ಹಾಸುಬಂಡೆಯ ಮೇಲೆ ಬಿ.ಎಂ. ಶ್ರೀಕಂಠಯ್ಯ, ಟಿ.ಎಸ್. ವೆಂಕಣ್ಣಯ್ಯ, ಕುವೆಂಪು ಈ ಮೂವರ ಹಸ್ತಾಕ್ಷರಗಳು ಕೊರೆದಿವೆ. ಗುರುಗಳು ಮಲೆನಾಡಿಗೆ ಬಂದು ಶಿಷ್ಯನ ಬಂಡೆಯ ಮೇಲೆ ಕೂತದ್ದಕ್ಕೆ ಕಲ್ಲಿನ ಸಾಕ್ಷಿ. ಪಡುವಣಕ್ಕೆ ಕಣ್ಣು ಹಾಯುವಷ್ಟೂ ದೂರ ಗಿರಿಸಾಲು. ಕುವೆಂಪು ಅವರ ಅಂತ್ಯಸಂಸ್ಕಾರ ನಡೆದದ್ದೂ ಇಲ್ಲೇ. ಸುತ್ತ ನಿಲ್ಲಿಸಿದ ಬೃಹತ್ ಶಿಲೆಗಳ ವಲಯ ಆಮೇಲೆ ಬಂದದ್ದು. 2007ರಲ್ಲಿ ತೀರಿಕೊಂಡ ಮಗ ಪೂರ್ಣಚಂದ್ರ ತೇಜಸ್ವಿಯವರ ಸ್ಮಾರಕವೂ ಇದೇ ದಾರಿಯಲ್ಲಿದೆ. ಕುಪ್ಪಳಿಗೆ ಬಂದವರು ಮನೆಯಲ್ಲಿ ಹೆಚ್ಚು ಹೊತ್ತು ಕಳೆದು ಕವಿಶೈಲಕ್ಕೆ ಗಾಡಿಯಲ್ಲಿ ಹೋಗಿ ಫೋಟೊ ತೆಗೆಸಿಕೊಂಡು ಇಳಿಯುವುದುಂಟು. ಕಾಲ್ನಡೆಯಲ್ಲಿ ಮರಗಳ ನಡುವೆ ಹತ್ತಿದರೆ ಕುವೆಂಪು ಅವರ ಕಾದಂಬರಿಗಳ ಕಾಡು ಹೇಗೆ ಹುಟ್ಟಿತು ಎಂಬುದು ಉಸಿರಿನಲ್ಲೇ ತಿಳಿಯುತ್ತದೆ. ಇಲ್ಲಿ ಕಾಡೇ ಕವಿಯ ತೋಟ, ಅದು ಹೋದರೆ ಮನೆಯೊಳಗಿನ ಯಾವ ವಸ್ತುವಿಗೂ ಅರ್ಥ ಉಳಿಯುವುದಿಲ್ಲ.

ಪುತ್ತೂರಿನ ಗುಡ್ಡದ ಮೇಲಿನ ಬಾಲವನ ಶಿವರಾಮ ಕಾರಂತರು (1902–1997) ಸುಮಾರು ನಾಲ್ಕು ದಶಕ ಬಾಳಿದ ಜಾಗ. ಮಕ್ಕಳ ಶಿಕ್ಷಣದ ಪ್ರಯೋಗ, ನಾಟಕ, ನೃತ್ಯ, ಮುದ್ರಣ, ಕಾದಂಬರಿ, ಒಬ್ಬರೇ ಕೂತು ಬರೆದ ವಿಶ್ವಕೋಶ, ಎಲ್ಲದರ ಬೇರು ಇಲ್ಲಿದೆ. ಅವರ ಮನೆ, ನಾಟ್ಯಶಾಲೆಗಳು ಉಳಿದಿವೆ. ಆವರಣದಲ್ಲಿ ಈಜುಕೊಳದಂಥ ಹೊಸ ಸೌಕರ್ಯಗಳೂ ಸೇರಿವೆ. ಮಕ್ಕಳು ಬರಲಿ ಎಂಬ ಉದ್ದೇಶ ಕಾರಂತರಿಗೆ ಒಪ್ಪಿತವಾಗುತ್ತಿತ್ತು. ಆದರೂ ಅವರು ಬೆಳೆಸಿದ ಮರಗಳ ನೆರಳನ್ನು ಹೊಸ ಕಟ್ಟಡಕ್ಕಿಂತ ಮೊದಲು ಕಾಪಾಡಬೇಕು.

ಗಡಿಯಾಚೆ, ಕಾಸರಗೋಡು ಜಿಲ್ಲೆಯ ಮಂಜೇಶ್ವರದಲ್ಲಿ ರಾಷ್ಟ್ರಕವಿ ಗೋವಿಂದ ಪೈಗಳ (1883–1963) ಮನೆ ‘ಗಿಳಿವಿಂಡು’ ಎಂಬ ಹೆಸರಿನಲ್ಲಿ 2017ರಲ್ಲಿ ಸ್ಮಾರಕವಾಗಿ ತೆರೆಯಿತು. ಕೇರಳ, ಕರ್ನಾಟಕ ಎರಡೂ ಸರ್ಕಾರಗಳು ಇದಕ್ಕೆ ಕೈಜೋಡಿಸಿದವು. ನಂದಿಬೆಟ್ಟದ ಸೀಮೆಯ ಮುದ್ದೇನಹಳ್ಳಿಯಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಮನೆಯೂ ಸಮಾಧಿಯೂ ಇವೆ. ಧಾರವಾಡದಲ್ಲಿ ಗಾಯಕ ಮಲ್ಲಿಕಾರ್ಜುನ ಮನ್ಸೂರರ ಮನೆ ‘ಮೃತ್ಯುಂಜಯ’, ಸಾಧನಕೇರಿಯಲ್ಲಿ ಬೇಂದ್ರೆಯವರ ಮನೆ ಮತ್ತು ಪಕ್ಕದ ಬೇಂದ್ರೆ ಭವನ ನೋಡುವವರನ್ನು ಕರೆಯುತ್ತವೆ. ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರ ‘ಸನ್ನಿ ಸೈಡ್’ ಬಹುಕಾಲ ಆರ್‌ಟಿಒ ಕಚೇರಿಯಾಗಿದ್ದು 2021ರಲ್ಲಿ ಮ್ಯೂಸಿಯಂ ಆಯಿತು.

ಮೈಸೂರಿನ ಯಾದವಗಿರಿಯ ಆರ್.ಕೆ. ನಾರಾಯಣ್ ಮನೆ ಕೂದಲೆಳೆಯಲ್ಲಿ ಪಾರಾದದ್ದು. 2011ರಲ್ಲಿ ಅದನ್ನು ಕೆಡವುವ ಕೆಲಸ ಶುರುವಾಗಿತ್ತು. ಸುದ್ದಿ ಹೊರಬಿದ್ದು ಜನ ದನಿಯೆತ್ತಿದ ಮೇಲೆ ಕೆಲಸ ನಿಂತಿತು. ಮಹಾನಗರ ಪಾಲಿಕೆ ಮನೆಯನ್ನು ಕೊಂಡು ದುರಸ್ತಿ ಮಾಡಿಸಿ 2016ರಲ್ಲಿ ತೆರೆಯಿತು. ಮಹಡಿಯ ಮೇಲೆ ಎಂಟು ಕಿಟಕಿಗಳ ಅರೆಗುಂಡು ಕೋಣೆಯಿದೆ. ಚಾಮುಂಡಿ ಬೆಟ್ಟ, ಊರಿನ ಗೋಪುರಗಳು, ಹಾದುಹೋಗುವ ರೈಲು ಎಲ್ಲ ಅಲ್ಲಿಂದ ಕಾಣುತ್ತಿದ್ದವು. ನೋಟ ತುಂಬ ಚೆನ್ನಾಗಿದ್ದು ಬರವಣಿಗೆ ಸಾಗದೆ ಪರದೆ ಇಳಿಬಿಡಬೇಕಾಯಿತು ಎಂದು ನಾರಾಯಣ್ ಬರೆದಿದ್ದಾರೆ.

ಇವೆಲ್ಲಕ್ಕಿಂತ ದೊಡ್ಡ ಆಸ್ತಿ ಬೆಂಗಳೂರಿನ ಕನಕಪುರ ರಸ್ತೆಯ ತಾತಗುಣಿ ಎಸ್ಟೇಟು. ರಷ್ಯನ್ ಚಿತ್ರಕಾರ ಸ್ವೆತೊಸ್ಲಾವ್ ರೋರಿಕ್ ಮತ್ತು ಚಿತ್ರನಟಿ ದೇವಿಕಾ ರಾಣಿ ದಂಪತಿ ಬಾಳಿದ ಇದು ಸುಮಾರು 468 ಎಕರೆ. ಸುಗಂಧ ತೈಲ ಕೊಡುವ, ಮೆಕ್ಸಿಕೊ ಮೂಲದ ಲಿನಲೋ ಮರಗಳನ್ನು ಅವರು ಇಲ್ಲಿ ಬೆಳೆಸಿದ್ದರು. 1993ರಲ್ಲಿ ರೋರಿಕ್, 1994ರಲ್ಲಿ ದೇವಿಕಾ ರಾಣಿ ತೀರಿಕೊಂಡ ಮೇಲೆ ಆಸ್ತಿ ನ್ಯಾಯಾಲಯದ ವ್ಯಾಜ್ಯದಲ್ಲಿ ಸಿಕ್ಕಿಕೊಂಡಿತು. ರಾಜ್ಯ ಸರ್ಕಾರ 1996ರಲ್ಲಿ ವಿಶೇಷ ಕಾನೂನು ಮಾಡಿ ಸ್ವಾಧೀನಕ್ಕೆ ಹೊರಟಿತು. 2011ರಲ್ಲಿ ಸುಪ್ರೀಂ ಕೋರ್ಟ್ ಆ ಕಾನೂನನ್ನು ಎತ್ತಿಹಿಡಿಯಿತು. ಸಂವಿಧಾನದ ಆಸ್ತಿಹಕ್ಕಿನ ಚರ್ಚೆಯಲ್ಲಿ ಈ ತೀರ್ಪನ್ನು ಇಂದಿಗೂ ಉದ್ಧರಿಸುತ್ತಾರೆ. ಮಹಾನಗರದ ಅಂಚಿನಲ್ಲಿ ಇಷ್ಟು ನೆಲ ಮರಗಳ ಸಮೇತ ಉಳಿದಿರುವುದು ಅಪರೂಪ. ಚಿತ್ರಗಳ ಗ್ಯಾಲರಿಗೆ ಕೊಡುವಷ್ಟೇ ಕಾಳಜಿಯನ್ನು ಆ ತೋಟಕ್ಕೂ ಕೊಡಬೇಕು.

ಕಾಪಾಡುವ ಕೆಲಸ, ನೋಡುವ ಬಗೆ

ಮಲೆನಾಡು, ಕರಾವಳಿಗಳಲ್ಲಿ ಇಂಥ ಮನೆಗಳ ಮುಖ್ಯ ಶತ್ರು ನೀರು. ಒಂದು ಹಂಚು ಸರಿದರೆ ಜಂತಿ ನೆನೆಯುತ್ತದೆ, ನೆನೆದ ಮರಕ್ಕೆ ಗೆದ್ದಲು ಏರುತ್ತದೆ, ಪುಸ್ತಕ ಬಟ್ಟೆಗಳಿಗೆ ಬೂಷ್ಟು ಹಿಡಿಯುತ್ತದೆ. ಹಿಂದೆ ಒಲೆಯ ಹೊಗೆ ಅಟ್ಟಕ್ಕೇರಿ ಮರವನ್ನು ಒಣಗಿಸಿಡುತ್ತಿತ್ತು. ಸ್ಮಾರಕವಾದ ಮನೆಯಲ್ಲಿ ಒಲೆ ಉರಿಯುವುದಿಲ್ಲ, ಹಾಗಾಗಿ ವಾಸದ ಮನೆಗಿಂತ ಬೇಗ ಅದು ಹಾಳಾಗುತ್ತದೆ. ಹಳೆಯ ಗಾರೆಯ ಗೋಡೆಗೆ ಸಿಮೆಂಟು ಮೆತ್ತಿದರೆ ಒಳಗಿನ ತೇವ ಹೊರಗೆ ಹೋಗಲು ದಾರಿಯಿಲ್ಲದೆ ಗೋಡೆ ಸಿಡಿಯುತ್ತದೆ. ಸುಣ್ಣದ ಗಾರೆಯನ್ನೇ ಬಳಸಬೇಕು. ತೋಟದ ವಿಷಯದಲ್ಲಿ ಮೊದಲ ಕೆಲಸ ಪಟ್ಟಿ ಮಾಡುವುದು: ಯಾವ ಮರ ಯಾರ ಕಾಲದ್ದು, ಹಳೆಯ ಫೋಟೊ, ಪತ್ರ, ದಿನಚರಿಗಳಲ್ಲಿ ಯಾವ ಗಿಡದ ಹೆಸರಿದೆ ಎಂದು. ಮುಪ್ಪಾದ ಮರ ಬೀಳುವ ಮುನ್ನವೇ ಅದರ ಬೀಜದಿಂದಲೋ ಕಸಿಯಿಂದಲೋ ಸಸಿ ಎಬ್ಬಿಸಿಟ್ಟುಕೊಂಡರೆ ಅದೇ ಜಾಗದಲ್ಲಿ ಅದೇ ವಂಶ ಮುಂದುವರಿಯುತ್ತದೆ. ನಮ್ಮಲ್ಲಿ ಸಾಹಿತಿಯ ಮನೆ ಎಂದೊಡನೆ ಪುತ್ಥಳಿ, ಇಂಟರ್‌ಲಾಕ್ ಹಾಸು, ಕಾರಂಜಿಗಳಿಗೆ ಹಣ ಬರುತ್ತದೆ. ಮಾಲಿಯ ಸಂಬಳಕ್ಕೆ ಬರುವುದಿಲ್ಲ. ಇದು ಬದಲಾಗಬೇಕು.

ನೋಡಲು ಹೋಗುವವರು ಕಾಲ ನೋಡಿ ಹೊರಡುವುದು ಮೇಲು. ಜಿವೆರ್ನಿ ಏಪ್ರಿಲ್‌ನಿಂದ ನವೆಂಬರ್ ಮೊದಲ ದಿನದವರೆಗೆ ಮಾತ್ರ ತೆರೆದಿರುತ್ತದೆ. ಮೇ, ಜೂನ್ ತಿಂಗಳಲ್ಲಿ ಐರಿಸ್, ಗುಲಾಬಿಗಳು, ನಡುಬೇಸಗೆಯಲ್ಲಿ ನೈದಿಲೆಗಳು. ಕುಪ್ಪಳಿಗೆ ಮಳೆ ಹಿಂದೆಗೆದ ಅಕ್ಟೋಬರ್–ನವೆಂಬರ್ ಒಳ್ಳೆಯದು, ಕಾಡು ಹಸಿರಾಗಿರುತ್ತದೆ, ಜಿಗಣೆಯ ಕಾಟ ತಗ್ಗಿರುತ್ತದೆ. ಬಹಳ ಮನೆಗಳಲ್ಲಿ ಒಳಗೆ ಫೋಟೊ ತೆಗೆಯುವಂತಿಲ್ಲ. ಬೆಳಕು ಹಳೆಯ ಕಾಗದ, ಬಟ್ಟೆಗಳ ಬಣ್ಣವನ್ನು ತಿನ್ನುವುದೂ ಇದಕ್ಕೊಂದು ಕಾರಣ. ಕೆಲವು ಸಣ್ಣ ಮನೆಗಳಲ್ಲಿ ಒಮ್ಮೆಗೆ ಇಷ್ಟೇ ಜನ ಎಂಬ ಮಿತಿಯಿರುವುದರಿಂದ ಮೊದಲೇ ಸಮಯ ಕಾದಿರಿಸಬೇಕು. ಹೊರಡುವ ಮುಂಚೆ ಆ ವ್ಯಕ್ತಿಯ ಒಂದು ಪುಸ್ತಕವನ್ನಾದರೂ ಓದಿ ಹೋದರೆ ಯಾವ ಕಿಟಕಿಯ ಬಳಿ ನಿಲ್ಲಬೇಕು ಎಂಬುದು ತಾನಾಗಿ ಗೊತ್ತಾಗುತ್ತದೆ. ಮಾರ್ಗದರ್ಶಿ ಕೋಣೆಗಳ ವಿವರ ಮುಗಿಸಿದ ಮೇಲೆ ತೋಟದ ಕೆಲಸದವರನ್ನು ಮಾತಿಗೆಳೆಯುವುದು ಒಳ್ಳೆಯದು. ಯಾವ ಮರ ಹಳೆಯದು, ಯಾವುದು ಮೊನ್ನೆ ನೆಟ್ಟದ್ದು, ಹಿಂದೆ ಬಾವಿ ಎಲ್ಲಿತ್ತು ಎಂಬುದು ಫಲಕಗಳಿಗಿಂತ ಅವರಿಗೇ ಚೆನ್ನಾಗಿ ಗೊತ್ತಿರುತ್ತದೆ.